ಕೈಗೆ ಸ್ಟೀರಿಂಗ್ ಬಂದ ಮೇಲೆ ಅರಿವು ಬರುವವರೆಗೆ

ಪ್ರಶ್ನೆ: ನಾನು ಹನ್ನೊಂದು ವರ್ಷಗಳಿಂದ ಜರ್ಮನಿಯ ಸ್ಟುಟ್‌ಗಾರ್ಟ್ ಬಳಿ ನೆಲೆಸಿದ್ದೇನೆ. ಆಟೊಬಾನ್ ಹೆದ್ದಾರಿಯ ದಟ್ಟಣೆಯಲ್ಲಿ ತಾನೇ ಓಡುವ, ಅದು ಕರೆಯುವವರೆಗೆ ಚಾಲಕ ರಸ್ತೆ ನೋಡುತ್ತಿರಬೇಕಿಲ್ಲದ ಮೂರನೇ ಹಂತದ ವ್ಯವಸ್ಥೆ ನನ್ನ ಕಾರಿನಲ್ಲಿದೆ. ಮೊನ್ನೆ ಸಂಜೆ ಎ8 ಹೆದ್ದಾರಿಯಲ್ಲಿ ಚಾಲನೆಯನ್ನು ಕಾರಿಗೆ ಬಿಟ್ಟು ಹತ್ತು ನಿಮಿಷದಿಂದ ಪರದೆಯ ಮೇಲೆ ಸುದ್ದಿ ಓದುತ್ತಿದ್ದೆ. ದಟ್ಟಣೆ ಕರಗುತ್ತಾ ಬಂದಾಗ ಹಿಡಿತ ತೆಗೆದುಕೊಳ್ಳುವಂತೆ ಕಾರು ಕೇಳಿತು. ಎರಡೇ ಸೆಕೆಂಡಿನಲ್ಲಿ ಸ್ಟೀರಿಂಗ್ ಹಿಡಿದೆ. ಬಲಗಡೆಯ ಕೂಡುದಾರಿಯಿಂದ ಬರುತ್ತಿದ್ದ ಲಾರಿ ಕಣ್ಣಿಗೆ ಬಿತ್ತು. ಆದರೆ ಅದು ನನ್ನ ಮುಂದಕ್ಕೇ ಬರುತ್ತಿದೆ ಎಂಬುದು ತಲೆಗೆ ಹೋಗಲಿಲ್ಲ. ಹೋದಾಗ ಬ್ರೇಕನ್ನು ಜೋರಾಗಿ ಒತ್ತಬೇಕಾಯಿತು. ಯಾರಿಗೂ ಏನೂ ಆಗಲಿಲ್ಲ. ಹದಿನೆಂಟು ವರ್ಷ ಕಾರು ಓಡಿಸಿದವನಿಗೆ ಹೀಗೇಕಾಯಿತು? ಹಿಡಿತ ತೆಗೆದುಕೊಳ್ಳಲು ಕಾರು ಕೊಡುವ ಹತ್ತು ಸೆಕೆಂಡು ಸಾಲುತ್ತದೆಯೇ? ಇದನ್ನು ಅಭ್ಯಾಸದಿಂದ ತಿದ್ದಿಕೊಳ್ಳಬಹುದೇ? ಇದೇ ಕಾರನ್ನು 68 ವರ್ಷದ ನಮ್ಮ ದೊಡ್ಡಪ್ಪನವರೂ ಓಡಿಸುತ್ತಾರೆ. ಅವರಿಗೆ ಈ ವ್ಯವಸ್ಥೆ ಬೇಡ ಎನ್ನಲೇ?

ಉತ್ತರ: ನಿಮ್ಮ ಪತ್ರದ ಒಂದು ಸಾಲನ್ನು ಎರಡು ಸಲ ಓದಿದೆ. ಲಾರಿ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ ಎಂದಿದ್ದೀರಿ. ಚಾಲಕರ ಗಮನದ ಮೇಲೆ ಕೆಲಸ ಮಾಡುವ ನನ್ನಂಥವರು ವರ್ಷಗಟ್ಟಲೆ ಅಳೆಯಲು ಹೆಣಗುವುದು ಇದನ್ನೇ. ನಿಮ್ಮ ಅನುಭವಕ್ಕೆ ಕುಂದು ಬಂದಿಲ್ಲ, ಕಾರೂ ಕೆಟ್ಟಿಲ್ಲ. ರಸ್ತೆಯನ್ನು ಬಿಟ್ಟು ಹತ್ತು ನಿಮಿಷ ಬೇರೇನನ್ನೋ ಓದಿದ ಯಾರಿಗಾದರೂ ಆಗುವುದೇ ನಿಮಗೂ ಆಗಿದೆ. ಹಾಗೆಂದು ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಎಚ್ಚರ ಬೇರೆ, ಅರಿವು ಬೇರೆ. ರಾತ್ರಿ ಬಸ್ಸಿನಲ್ಲಿ ಊರಿಗೆ ಹೋದವರಿಗೆಲ್ಲ ಇದು ಗೊತ್ತು. ನಸುಕಿನಲ್ಲಿ ಕಂಡಕ್ಟರ್ ಊರಿನ ಹೆಸರು ಕೂಗುತ್ತಾರೆ. ತಟ್ಟನೆ ಎಚ್ಚರವಾಗುತ್ತದೆ, ಕೈ ತಾನಾಗಿ ಮೇಲಿನ ಚೀಲಕ್ಕೆ ಹೋಗುತ್ತದೆ, ಕಾಲು ಮೆಟ್ಟಿಲು ಇಳಿಯುತ್ತದೆ. ಬಸ್ಸು ಹೊರಟುಹೋದ ಮೇಲೆ ಮನೆಯ ದಾರಿ ಎಡಕ್ಕೋ ಬಲಕ್ಕೋ ಎಂದು ಒಂದು ಗಳಿಗೆ ದಿಕ್ಕೇ ತೋಚುವುದಿಲ್ಲ. ಹುಟ್ಟಿ ಬೆಳೆದ ಊರೇ ಆಗಿರುತ್ತದೆ. ಎಚ್ಚರ ಬಂದಾಗಿದೆ, ಅರಿವು ಇನ್ನೂ ಹಿಂದೆ ಬರುತ್ತಿದೆ. ಬಸ್ ನಿಲ್ದಾಣದಲ್ಲಿ ಆ ಒಂದು ಗಳಿಗೆ ಕಳೆದರೆ ನಷ್ಟವೇನಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಒಂದೊಂದು ಸೆಕೆಂಡಿಗೂ ಸುಮಾರು 17 ಮೀಟರ್ ಸಾಗಿರುತ್ತದೆ. 95ರ ವೇಗದಲ್ಲಿ 26 ಮೀಟರ್.

ಅರಿವನ್ನು ಅಳೆಯಬಹುದಾದ ವಸ್ತುವನ್ನಾಗಿ ಮಾಡಿದವರಲ್ಲಿ ಅಮೆರಿಕದ ಮೈಕಾ ಎಂಡ್ಸ್‌ಲಿ ಮುಖ್ಯರು. ವಿಮಾನದ ಪೈಲಟ್‌ಗಳ ಮೇಲೆ ಕೆಲಸ ಮಾಡುತ್ತಾ ಬಂದ ಅವರು 1995ರಲ್ಲಿ ಅದನ್ನು ಮೂರು ಮಟ್ಟಗಳಾಗಿ ವಿವರಿಸಿದರು. ಸುತ್ತ ಏನೇನಿದೆ ಎಂದು ಕಾಣುವುದು ಮೊದಲನೆಯದು. ಕಂಡದ್ದರ ಅರ್ಥ ಆಗುವುದು ಎರಡನೆಯದು. ಇನ್ನು ಕೆಲವು ಸೆಕೆಂಡುಗಳಲ್ಲಿ ಏನಾಗುತ್ತದೆ ಎಂದು ಊಹಿಸುವುದು ಮೂರನೆಯದು. ನಿಮಗೆ ಲಾರಿ ಕಂಡಿತು, ಅಂದರೆ ಮೊದಲ ಮೆಟ್ಟಿಲು ಹತ್ತಿದ್ದಿರಿ. ಕೂಡುದಾರಿ ಮುಗಿಯುತ್ತಿದೆ, ಲಾರಿಗೆ ಬೇರೆ ಜಾಗವಿಲ್ಲ, ಅದು ನನ್ನ ಮುಂದಕ್ಕೇ ಬರಬೇಕು ಎಂಬುದು ಮೂರನೆಯ ಮೆಟ್ಟಿಲಿನ ಮಾತು. ನಿರಂತರವಾಗಿ ಓಡಿಸುತ್ತಿದ್ದವನು ಆ ಊಹೆಯನ್ನು ಅರ್ಧ ಕಿಲೋಮೀಟರ್ ಹಿಂದೆ, ಕೂಡುದಾರಿಯ ಫಲಕ ಕಂಡಾಗಲೇ ಮಾಡಿಕೊಂಡಿರುತ್ತಾನೆ. ನೀವು ಆ ಫಲಕವನ್ನು ನೋಡಿರಲಿಲ್ಲ.

ಇದನ್ನು ಅಳೆಯುವ ಒಂದು ವಿಧಾನವನ್ನು ನನ್ನ ಕಣ್ಣೆದುರು ನಡೆದಂತೆ ಹೇಳುತ್ತೇನೆ. ಚಾಲಕರನ್ನು ಸಿಮ್ಯುಲೇಟರಿನಲ್ಲಿ ಕೂರಿಸುತ್ತೇವೆ. ಕಾರು ತಾನೇ ಓಡುತ್ತಿರುತ್ತದೆ, ಅವರು ಏನನ್ನೋ ಓದುತ್ತಿರುತ್ತಾರೆ. ಸೂಚನೆಯ ಸದ್ದಾಗುತ್ತದೆ, ಅವರು ಸ್ಟೀರಿಂಗ್ ಹಿಡಿಯುತ್ತಾರೆ. ನಾಲ್ಕೈದು ಸೆಕೆಂಡು ಕಳೆದ ಮೇಲೆ ಪರದೆಯನ್ನು ಪೂರ್ತಿ ಕಪ್ಪು ಮಾಡಿ ಕೇಳುತ್ತೇವೆ: ನಿಮ್ಮ ಎಡಗಡೆ ಏನಿತ್ತು? ಹಿಂದಿನ ಕಾರು ಹತ್ತಿರ ಬರುತ್ತಿತ್ತೋ ದೂರ ಸರಿಯುತ್ತಿತ್ತೋ? ಒಬ್ಬ ಅನುಭವಿ ಚಾಲಕಿ ನನಗೆ ಇನ್ನೂ ನೆನಪಿದ್ದಾರೆ. ಕೈ ಎರಡೂ ಸ್ಟೀರಿಂಗಿನ ಮೇಲೆ ಸರಿಯಾಗಿಯೇ ಇದ್ದವು, ದೃಷ್ಟಿ ನೇರವಾಗಿ ರಸ್ತೆಯ ಮೇಲಿತ್ತು, ಹೊರಗಿನಿಂದ ನೋಡಿದವರಿಗೆ ಯಾವ ಕೊರತೆಯೂ ಕಾಣುತ್ತಿರಲಿಲ್ಲ. ಪರದೆ ಕಪ್ಪಾದಾಗ ಅವರು ಹೇಳಲು ಬಾಯಿ ತೆರೆದರು, ನಿಲ್ಲಿಸಿದರು, ಮತ್ತೆ ತೆರೆದರು. ಕೊನೆಗೆ, ‘ಮುಂದೆ ಒಂದು ಕಾರಿತ್ತು, ಅಷ್ಟೇ ಗೊತ್ತು’ ಎಂದರು. ಎಡಗಡೆಯ ಲೇನಿನಲ್ಲಿ ಅವರಿಗೆ ಸಮಸಮವಾಗಿ ಒಂದು ವ್ಯಾನ್ ಇತ್ತು. ಪರೀಕ್ಷೆ ಮುಗಿಸಿ ಚಹಾ ಕುಡಿಯುವಾಗಲೂ ಅವರ ಮುಖದ ಅಳುಕು ಹೋಗಿರಲಿಲ್ಲ.

ಕೈ ಮೊದಲು ಬರುತ್ತದೆ, ಆಮೇಲೆ ದೃಷ್ಟಿ ಸುತ್ತುವರಿಯುತ್ತದೆ, ಅರಿವು ಕೊನೆಗೆ. ಈ ಮೂರರ ನಡುವಿನ ಅಂತರ ಎಷ್ಟು ಎಂಬುದೇ ನಿಮ್ಮ ಪ್ರಶ್ನೆಯ ತಿರುಳು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಎರಿಕ್ಸನ್ ಮತ್ತು ಸ್ಟಾಂಟನ್ 26 ಚಾಲಕರನ್ನು ಸಿಮ್ಯುಲೇಟರಿನಲ್ಲಿ ಕೂರಿಸಿ, ಅವಸರವಿಲ್ಲದಾಗ ಅವರು ಹಿಡಿತ ತೆಗೆದುಕೊಳ್ಳಲು ಎಷ್ಟು ಹೊತ್ತು ಬೇಕೆಂದು ನೋಡಿದರು. 2017ರಲ್ಲಿ ಪ್ರಕಟವಾದ ಅವರ ಫಲಿತಾಂಶದಲ್ಲಿ ಅತಿ ಬೇಗ ಹಿಡಿದವರಿಗೆ 1.9 ಸೆಕೆಂಡು, ಅತಿ ತಡ ಮಾಡಿದವರಿಗೆ 25.7 ಸೆಕೆಂಡು. ಸರಾಸರಿಯನ್ನು ನಾನು ಬೇಕೆಂದೇ ಹೇಳುತ್ತಿಲ್ಲ, ಏಕೆಂದರೆ ರಸ್ತೆಯಲ್ಲಿ ಅಪಘಾತ ಮಾಡಿಕೊಳ್ಳುವವರು ಸರಾಸರಿಯ ಜನರಲ್ಲ. ಒಂದು ವ್ಯವಸ್ಥೆ ಎಲ್ಲರಿಗೂ ಸರಿಹೊಂದಬೇಕಾದರೆ ಆ ಇಪ್ಪತ್ತೈದು ಸೆಕೆಂಡಿನವರಿಗೂ ಹೊಂದಬೇಕು.

ಇದೂ ಕೈಯ ಲೆಕ್ಕವೇ. ತಲೆಯ ಲೆಕ್ಕವನ್ನು ಅದೇ ವರ್ಷ ನೆದರ್ಲೆಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದವರು ತೆಗೆದರು. ಹೆದ್ದಾರಿಯ ಸಂಚಾರದ ಚಿತ್ರಿಕೆಯನ್ನು ಒಂದು ಸೆಕೆಂಡಿನಿಂದ ಇಪ್ಪತ್ತು ಸೆಕೆಂಡಿನವರೆಗೆ ಬೇರೆ ಬೇರೆ ಅವಧಿಗೆ ತೋರಿಸಿ, ಸುತ್ತಲಿನ ಕಾರುಗಳು ಎಲ್ಲೆಲ್ಲಿದ್ದವು ಎಂದು ಮತ್ತೆ ಜೋಡಿಸಲು ಹೇಳಿದರು. ಯಾವ ಕಾರು ಎಲ್ಲಿದೆ ಎಂಬುದು ಏಳರಿಂದ ಹನ್ನೆರಡು ಸೆಕೆಂಡುಗಳಲ್ಲಿ ಜನರ ಹಿಡಿತಕ್ಕೆ ಬಂತು. ಯಾವುದು ವೇಗವಾಗಿ ಬರುತ್ತಿದೆ, ಯಾವುದು ನಿಧಾನವಾಗುತ್ತಿದೆ ಎಂದು ತಿಳಿಯಲು ಇಪ್ಪತ್ತು ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಬೇಕಾಯಿತು. ಜರ್ಮನಿಯಲ್ಲಿ ಕಾರು ಓಡಿಸುವ ನಿಮಗೆ ಈ ಎರಡರ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಡಗಡೆಯ ಲೇನಿನಲ್ಲಿ ಹಿಂದೆ ಒಂದು ಕಾರಿದೆ ಎಂದು ತಿಳಿದರೆ ಸಾಲದು, ಅದು 120ರಲ್ಲಿ ಬರುತ್ತಿದೆಯೋ 180ರಲ್ಲಿ ಬರುತ್ತಿದೆಯೋ ಎಂಬುದು ತಿಳಿದಿರಬೇಕು. ವೇಗ ಒಂದು ನೋಟಕ್ಕೆ ಸಿಕ್ಕುವುದಿಲ್ಲ. ಒಂದೇ ವಸ್ತುವನ್ನು ಎರಡು ಮೂರು ಸಲ ನೋಡಿ, ನಡುವೆ ಎಷ್ಟು ಸರಿಯಿತು ಎಂದು ಮನಸ್ಸು ಲೆಕ್ಕ ಹಾಕಬೇಕು.

ಓಡಿಸುತ್ತಿರುವಾಗ ಈ ಲೆಕ್ಕ ನಮಗೆ ಗೊತ್ತಿಲ್ಲದೆಯೇ ನಡೆದಿರುತ್ತದೆ. ಬಿಟ್ಟ ಕೂಡಲೇ ಹಳಸತೊಡಗುತ್ತದೆ. ಮನಸ್ಸಿನಲ್ಲಿರುವ ರಸ್ತೆಯ ಚಿತ್ರ ಗೋಡೆಗೆ ತೂಗುಹಾಕಿದ ಫೋಟೊ ಅಲ್ಲ. ಕೈಯಲ್ಲಿ ಹಿಡಿದಿರುವ ತನಕ ಮಾತ್ರ ಬಿಸಿಯಾಗಿರುವ ಪಾತ್ರೆ ಎನ್ನಬಹುದು.

ಇದನ್ನು ಕಾರುಗಳಿಗೆ ಬಹಳ ಮೊದಲೇ ಕಾರ್ಖಾನೆಗಳಲ್ಲಿ ಕಂಡವರು ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಲಿಸೇನ್ ಬೇನ್‌ಬ್ರಿಜ್. ಯಂತ್ರೀಕರಣದ ವಿಪರ್ಯಾಸಗಳ ಬಗ್ಗೆ 1983ರಲ್ಲಿ ಅವರು ಬರೆದ ಕೆಲವೇ ಪುಟಗಳ ಲೇಖನ ಇಂದಿಗೂ ನಮ್ಮ ಕ್ಷೇತ್ರದಲ್ಲಿ ಮೊದಲು ಓದಬೇಕಾದದ್ದು. ಸುಲಭದ ಕೆಲಸವನ್ನು ಯಂತ್ರಕ್ಕೆ ಕೊಟ್ಟು, ಯಂತ್ರಕ್ಕೆ ಆಗದ ಕಷ್ಟದ ಗಳಿಗೆಯನ್ನು ಮನುಷ್ಯನಿಗೆ ಉಳಿಸುತ್ತೇವೆ, ಆದರೆ ಆ ಗಳಿಗೆಗೆ ಬೇಕಾದ ಅಭ್ಯಾಸವನ್ನೂ ಪೂರ್ವಸಿದ್ಧತೆಯನ್ನೂ ಅವನಿಂದ ಕಸಿದುಕೊಂಡಿರುತ್ತೇವೆ ಎಂದರು. ಅದೇ ಲೇಖನದಲ್ಲಿ ಒಂದು ಸಣ್ಣ ಗಮನಿಕೆ ಇದೆ: ಕೈಯಿಂದ ನಿಯಂತ್ರಿಸುವ ಸ್ಥಾವರಗಳ ನೌಕರರು ತಮ್ಮ ಪಾಳಿಗೆ ಕಾಲು ಗಂಟೆ, ಅರ್ಧ ಗಂಟೆ ಮೊದಲೇ ನಿಯಂತ್ರಣ ಕೊಠಡಿಗೆ ಬರುತ್ತಾರೆ, ಯಂತ್ರ ಈಗ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಮೈಗೂಡಿಸಿಕೊಳ್ಳುವುದಕ್ಕೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ನನ್ನ ತಂದೆ. ಶರಾವತಿ ವಿದ್ಯುದಾಗಾರದಲ್ಲಿ ಪಾಳಿಯ ಕೆಲಸದಲ್ಲಿದ್ದರು. ಹತ್ತು ಗಂಟೆಯ ರಾತ್ರಿ ಪಾಳಿಗೆ ಒಂಬತ್ತೂವರೆಗೇ ಅಲ್ಲಿರುತ್ತಿದ್ದರು. ಊಟದ ತಟ್ಟೆಯ ಮುಂದೆ ಕುಳಿತವರು ಗಡಿಯಾರ ನೋಡಿ ಎದ್ದುಬಿಟ್ಟರೆ ಅಮ್ಮನಿಗೆ ಬೇಸರ. ಹೋಗಿ ಏನು ಮಾಡುತ್ತೀರಿ ಎಂದು ಕೇಳಿದರೆ, ‘ಏನೂ ಇಲ್ಲ, ಸುಮ್ಮನೆ ನಿಂತುಕೊಂಡು ಕೇಳುತ್ತೇನೆ’ ಎನ್ನುತ್ತಿದ್ದರು. ಟರ್ಬೈನಿನ ಗುಂಯ್ ಸದ್ದನ್ನು ಕೇಳುವುದು, ದಾಖಲೆ ಪುಸ್ತಕದಲ್ಲಿ ಹಿಂದಿನ ಪಾಳಿಯವರು ಬರೆದ ಅಂಕಿಗಳ ಮೇಲೆ ಬೆರಳಾಡಿಸುವುದು, ಅವರೊಂದಿಗೆ ನಾಲ್ಕು ಮಾತಾಡುವುದು. ಹತ್ತು ಗಂಟೆಗೆ ಅವರು ಕುರ್ಚಿಯಲ್ಲಿ ಕುಳಿತಾಗ ಹಿಂದಿನ ಎಂಟು ಗಂಟೆಯೂ ಅವರ ತಲೆಯಲ್ಲಿರುತ್ತಿತ್ತು. ಆ ಅರ್ಧ ಗಂಟೆಯ ಕೆಲಸವನ್ನೇ ನಿಮ್ಮ ಕಾರು ಹತ್ತು ಸೆಕೆಂಡಿನಲ್ಲಿ ಮಾಡಿ ಮುಗಿಸಿ ಎನ್ನುತ್ತಿದೆ.

ಕೈಗೂ ಅದರದ್ದೇ ಆದ ನೆನಪಿದೆ, ಅದೂ ಹಳೆಯದಾಗುತ್ತದೆ. 2016ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 22 ಮಂದಿಯನ್ನು ನಿಜವಾದ ಕಾರಿನಲ್ಲಿ, ಮುಚ್ಚಿದ ಪಥದಲ್ಲಿ ಓಡಿಸಿದರು. ಒಂದಷ್ಟು ಹೊತ್ತು ಕಾರು ತಾನೇ ಓಡಿದ ಬಳಿಕ ಸ್ಟೀರಿಂಗ್ ವಾಪಸು ಕೊಡುವಾಗ, ಅದು ಚಕ್ರಗಳನ್ನು ತಿರುಗಿಸುವ ಪ್ರಮಾಣವನ್ನು ಬದಲಿಸಿದ್ದರು. ಬದಲಾಗಿದೆ ಎಂದು ಮೊದಲೇ ತಿಳಿಸಿದ್ದರೂ ಲೇನ್ ಬದಲಿಸುವಾಗ ಚಾಲಕರ ಕೈ ಎಡವಿತು. ರಸ್ತೆಯಲ್ಲಿ ಯಾರೂ ನಿಮ್ಮ ಸ್ಟೀರಿಂಗಿನ ಪ್ರಮಾಣ ಬದಲಿಸುವುದಿಲ್ಲ ನಿಜ. ಆದರೆ ನೀವು ಕೈಬಿಟ್ಟಾಗ ಕಾರು 40ರಲ್ಲಿದ್ದು, ಹಿಡಿದಾಗ 80ರಲ್ಲಿದ್ದರೆ ಅದೇ ತಿರುವು ಬೇರೆ ಪರಿಣಾಮ ಕೊಡುತ್ತದೆ. ನಡುವೆ ಮಳೆ ಬಂದಿದ್ದರೂ ಹಾಗೆಯೇ. ಲೀಡ್ಸ್ ವಿಶ್ವವಿದ್ಯಾಲಯದ ನತಾಶಾ ಮೆರಾಟ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದಂತೆ, ಹಿಡಿತ ಪಡೆದ ಚಾಲಕರ ಸ್ಟೀರಿಂಗ್ ನಿಜವಾಗಿ ಸ್ಥಿಮಿತಕ್ಕೆ ಬರಲು ಮೂವತ್ತೈದು ನಲವತ್ತು ಸೆಕೆಂಡು ಬೇಕಾಗಬಹುದು.

ಹಾಗಾದರೆ ಸುದ್ದಿ ಓದದೆ ರಸ್ತೆಯನ್ನೇ ನೋಡುತ್ತಾ ಕುಳಿತಿದ್ದರೆ ಸರಿಹೋಗುತ್ತಿತ್ತೇ ಎಂದು ನೀವು ಕೇಳಬಹುದು. ಹೆಚ್ಚಿನ ಮಟ್ಟಿಗೆ ಹೌದು, ಪೂರ್ತಿಯಾಗಿ ಅಲ್ಲ. ವೋಲ್ವೊದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನ್ನನ್ನು ಇಂದಿಗೂ ಕಾಡುತ್ತದೆ. ಪರೀಕ್ಷಾ ಪಥದಲ್ಲಿ 76 ಮಂದಿ, ಬಹಳ ಚೆನ್ನಾಗಿ ಓಡುವ ಸ್ವಯಂಚಾಲಿತ ಕಾರು, ಸುಮಾರು ಅರ್ಧ ಗಂಟೆಯ ಸುಗಮ ಪಯಣ. ಎಲ್ಲ ಅಡೆತಡೆಗಳನ್ನೂ ಕಾರು ನಿಭಾಯಿಸಲಾರದು, ಜವಾಬ್ದಾರಿ ನಿಮ್ಮದೇ ಎಂದು ಅವರಿಗೆ ಹೇಳಲಾಗಿತ್ತು. ಕೊನೆಯಲ್ಲಿ ಮುಂದಿನ ವಾಹನ ಪಕ್ಕಕ್ಕೆ ಸರಿದು ಅಡ್ಡಲಾಗಿ ಒಂದು ನಿಂತ ಬೊಂಬೆ ಕಾರು, ಅಥವಾ ಕಸದ ಚೀಲ, ಕಾಣಿಸುತ್ತದೆ. 21 ಮಂದಿ ಅದನ್ನು ನೋಡುತ್ತಾ ನೋಡುತ್ತಾ ಹೋಗಿ ಗುದ್ದಿದರು. ಕಣ್ಣು ರಸ್ತೆಯ ಮೇಲೆಯೇ ಇತ್ತು. ಕಾರು ಏನಾದರೂ ಮಾಡುತ್ತದೆ ಎಂದು ಕಾದರು, ಅಷ್ಟೇ. ಅರ್ಧ ಗಂಟೆಯಲ್ಲಿ ಅವರೊಳಗೆ ಚಾಲಕ ಹೋಗಿ ಪ್ರಯಾಣಿಕ ಬಂದು ಕುಳಿತಿದ್ದ. ಅರಿವು ಎಂದರೆ ಹೊರಗಿನ ರಸ್ತೆಯ ಅರಿವು ಮಾತ್ರ ಅಲ್ಲ, ಈಗ ಓಡಿಸುತ್ತಿರುವುದು ನಾನು ಎಂಬ ಅರಿವೂ ಹೌದು. ಎರಡನೆಯದು ಬಾರದೆ ಮೊದಲನೆಯದು ಕೆಲಸಕ್ಕೆ ಬರುವುದಿಲ್ಲ.

ಊರಿನ ನಿಮ್ಮ ಸ್ನೇಹಿತರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು ಹೇಳಬೇಕು. ಭಾರತದಲ್ಲಿ ಈಗ ಎಡಾಸ್, ಅಂದರೆ ಚಾಲಕನಿಗೆ ನೆರವಾಗುವ ವ್ಯವಸ್ಥೆ, ಇದೆ ಎಂದು ಮಾರುತ್ತಿರುವ ಕಾರುಗಳು ಹೆಚ್ಚೆಂದರೆ ಎರಡನೇ ಹಂತದವು. ಲೇನಿನೊಳಗೆ ಇರಿಸುತ್ತವೆ, ಮುಂದಿನ ವಾಹನದಿಂದ ಅಂತರ ಕಾಯುತ್ತವೆ. ಅಲ್ಲಿ ಹತ್ತು ಸೆಕೆಂಡಿನ ಕರೆ ಎಂಬುದೇ ಇಲ್ಲ. ಪ್ರತಿ ಕ್ಷಣವೂ ಚಾಲಕರೇ ಕಾಯುತ್ತಿರಬೇಕು, ವ್ಯವಸ್ಥೆ ಯಾವ ಗಳಿಗೆಯಲ್ಲಾದರೂ ಸದ್ದಿಲ್ಲದೆ ಕೈಬಿಡಬಹುದು. ಕಾಯುವುದು ಸುಲಭವೂ ಅಲ್ಲ. ರೇಡಾರ್ ನೋಡುವವರ ಸಮಸ್ಯೆಯಿಂದ ಹೊರಟು ನಾರ್ಮನ್ ಮ್ಯಾಕ್‌ವರ್ತ್ 1948ರಲ್ಲಿ ನಡೆಸಿದ ಪ್ರಯೋಗದಲ್ಲಿ, ಗಡಿಯಾರದ ಮುಳ್ಳಿನ ಅಪರೂಪದ ಜಿಗಿತವನ್ನು ಗುರುತಿಸುವ ಶಕ್ತಿ ಮೊದಲ ಅರ್ಧ ಗಂಟೆಯಲ್ಲೇ ಕುಗ್ಗಿತ್ತು.

ಅದರ ಬೆಲೆ ಎಷ್ಟಾಗಬಹುದು ಎಂಬುದು ಗೊತ್ತಾದದ್ದು 2018ರ ಮಾರ್ಚ್ 18ರ ರಾತ್ರಿ, ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿ ನಗರದಲ್ಲಿ. ಊಬರ್ ಸಂಸ್ಥೆಯ ಪರೀಕ್ಷಾ ಕಾರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಗುದ್ದಿತು, ಆಕೆ ತೀರಿಕೊಂಡರು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿಯ ತನಿಖೆಯ ಪ್ರಕಾರ ಕಾರಿನ ಸಂವೇದಕಗಳು ಆಕೆಯನ್ನು 5.6 ಸೆಕೆಂಡು ಮೊದಲೇ ಗುರುತಿಸಿದ್ದವು, ಆದರೆ ಅದೇನೆಂದು ನಿರ್ಧರಿಸಲು ತಂತ್ರಾಂಶಕ್ಕೆ ಆಗಲಿಲ್ಲ. ಕಾವಲಿಗೆಂದು ಕುಳಿತಿದ್ದ ಚಾಲಕಿ ಮೊಬೈಲ್ ಕಡೆ ನೋಡುತ್ತಿದ್ದು, ಸುಮಾರು ಒಂದು ಸೆಕೆಂಡು ಇರುವಾಗ ತಲೆ ಎತ್ತಿದರು. ಆ ಒಂದು ಸೆಕೆಂಡಿನಲ್ಲಿ ಕಾಣುವುದು, ತಿಳಿಯುವುದು, ಊಹಿಸುವುದು ಮೂರೂ ಆಗಬೇಕಿತ್ತು. ಯಾರಿಂದಲೂ ಆಗುತ್ತಿರಲಿಲ್ಲ. ತನಿಖೆ ಚಾಲಕಿಯನ್ನು ದೂರಿತು, ಜೊತೆಗೆ ಆ ಸಂಸ್ಥೆಯಲ್ಲಿ ಸುರಕ್ಷತೆಯ ಸಂಸ್ಕೃತಿಯೇ ಸಾಲದಾಗಿತ್ತು ಎಂದೂ ಹೇಳಿತು. ಎರಡನೆಯ ಮಾತನ್ನು ನಾನು ಹೆಚ್ಚು ಗಟ್ಟಿಯಾಗಿ ಹೇಳುತ್ತೇನೆ. ಏಕತಾನದ ಕಾವಲಿಗೆ ಒಬ್ಬರನ್ನೇ ಕೂರಿಸಿ, ಅವರ ಕಣ್ಣು ಎಲ್ಲಿದೆ ಎಂದು ವಿಚಾರಿಸದೆ ಇದ್ದದ್ದು ತಪ್ಪು.

ಇನ್ನು ನಿಮ್ಮ ಹತ್ತು ಸೆಕೆಂಡು. ಅದು ಬಂದದ್ದು ವಿಶ್ವಸಂಸ್ಥೆಯ 157ನೇ ವಾಹನ ನಿಯಮದಿಂದ. 2021ರ ಜನವರಿಯಿಂದ ಜಾರಿಯಲ್ಲಿರುವ ಈ ನಿಯಮ ಮೊದಲು 60 ಕಿಲೋಮೀಟರ್ ವೇಗದವರೆಗೆ ಮಾತ್ರ ಅವಕಾಶ ಕೊಟ್ಟಿತ್ತು, ಆಮೇಲೆ ಮಿತಿಯನ್ನು 130ಕ್ಕೆ ಏರಿಸಲಾಯಿತು. ಮೂರನೇ ಹಂತದ ಕಾರು ಜರ್ಮನಿಯ ಗಿರಾಕಿಗಳಿಗೆ ಸಿಕ್ಕಿದ್ದು 2022ರ ಮೇ ತಿಂಗಳಲ್ಲಿ, ಮರ್ಸಿಡಿಸ್‌ನಿಂದ. ಕಾರು ಕರೆದ ಮೇಲೂ ಚಾಲಕರು ಹಿಡಿತ ತೆಗೆದುಕೊಳ್ಳದಿದ್ದರೆ, ಸಾಮಾನ್ಯವಾಗಿ ಹತ್ತು ಸೆಕೆಂಡು ಕಳೆಯುವ ಮುಂಚೆ ಕಾರು ತಾನಾಗಿ ನಿಲ್ಲಲು ಹೊರಡಬಾರದು ಎನ್ನುತ್ತದೆ ನಿಯಮ. ಅಲ್ಲಿಯವರೆಗೆ ಕಾರೇ ಓಡಿಸುತ್ತಿರುತ್ತದೆ. ಅಂದರೆ ಅದು ನಿಮ್ಮನ್ನು ಕಾಯುವ ಕನಿಷ್ಠ ಅವಧಿ. ಅಷ್ಟರೊಳಗೆ ನಿಮಗೆ ಎಲ್ಲವೂ ತಿಳಿದಿರುತ್ತದೆ ಎಂಬ ಭರವಸೆಯಲ್ಲ.

ನೀವು ಎರಡೇ ಸೆಕೆಂಡಿನಲ್ಲಿ ಹಿಡಿದೆ ಎಂದು ಬರೆದದ್ದನ್ನು ನಾನು ಇಲ್ಲಿಯವರೆಗೆ ಬೇಕೆಂದೇ ಮುಟ್ಟಿರಲಿಲ್ಲ. ಇಡೀ ಘಟನೆಯಲ್ಲಿ ನಿಮ್ಮ ಕೈಯಲ್ಲಿದ್ದ ತಪ್ಪು ಅದೊಂದೇ. ಉಳಿದ ಎಂಟು ಸೆಕೆಂಡು ಕಾರು ಓಡಿಸುತ್ತಿತ್ತು, ನೀವು ನೋಡಬಹುದಿತ್ತು. ಆ ಎಂಟು ಸೆಕೆಂಡನ್ನು ನೀವು ಬಳಸದೆ ಬಿಟ್ಟಿರಿ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಕ್ರಿಶ್ಚಿಯನ್ ಗೋಲ್ಡ್ ಮತ್ತು ಸಂಗಡಿಗರು 2013ರಲ್ಲೇ ಐದು ಸೆಕೆಂಡಿನ ಮತ್ತು ಏಳು ಸೆಕೆಂಡಿನ ಅವಕಾಶ ಕೊಟ್ಟು ಹೋಲಿಸಿದಾಗ, ಕಡಿಮೆ ಸಮಯ ಸಿಕ್ಕವರು ಬೇಗ ನಿರ್ಧರಿಸಿದರು, ಆದರೆ ಅವರ ನಿರ್ಧಾರದ ಗುಣಮಟ್ಟ ಇಳಿದಿತ್ತು. ಬೇಗ ಹಿಡಿಯುವುದನ್ನೇ ಜಾಣತನ ಎಂದುಕೊಳ್ಳುವುದು ನಮ್ಮೆಲ್ಲರ ಸ್ವಭಾವ. ಕರೆದ ಕೂಡಲೇ ಓಗೊಡಬೇಕು ಎಂದು ಬೆಳೆದವರು ನಾವು.

ಆದ್ದರಿಂದ ನನ್ನ ಮೊದಲ ಸಲಹೆ: ಮೊದಲು ನೋಡಿ, ಆಮೇಲೆ ಹಿಡಿಯಿರಿ. ಸೂಚನೆ ಬಂದ ಕೂಡಲೇ ಬೆನ್ನು ನೆಟ್ಟಗೆ ಮಾಡಿ, ಕೈಗಳನ್ನು ಸ್ಟೀರಿಂಗಿನ ಬಳಿ ತನ್ನಿ, ಪಾದ ಬ್ರೇಕಿನ ಹತ್ತಿರ ಇರಲಿ, ಆದರೆ ಹಿಡಿತ ಪಡೆಯಬೇಡಿ. ದೂರ ಮುಂದಕ್ಕೆ ನೋಡಿ, ಹತ್ತಿರದ ವಾಹನಕ್ಕಲ್ಲ. ಎಡ ಕನ್ನಡಿ, ನಡುವಿನ ಕನ್ನಡಿ, ಬಲಗಡೆಯ ಕೂಡುದಾರಿ, ವೇಗದ ಅಂಕಿ. ಮತ್ತೆ ಎಡ ಕನ್ನಡಿ. ಎರಡನೆಯ ನೋಟದಲ್ಲೇ ವೇಗ ಗೊತ್ತಾಗುವುದು. ಐದಾರು ಸೆಕೆಂಡಿನಲ್ಲಿ ಇದು ಮುಗಿಯುತ್ತದೆ, ಆಗ ಹಿಡಿಯಿರಿ. ಎಚ್ಚರಿಕೆ ಜೋರಾದರೆ, ಅಥವಾ ಕಾರು ಬ್ರೇಕ್ ಹಾಕತೊಡಗಿದರೆ ಕಾಯಬೇಡಿ, ಆ ಕ್ಷಣವೇ ತೆಗೆದುಕೊಳ್ಳಿ. ಸಾಮಾನ್ಯ ಕರೆಗೆ ಮಾತ್ರ ಈ ಕ್ರಮ.

ನೋಡಿದ್ದನ್ನು ಬಾಯಿಬಿಟ್ಟು ಹೇಳಿ. ‘ಮುಂದೆ ಬಿಳಿ ವ್ಯಾನ್, ಎಡಗಡೆ ಖಾಲಿ, ಹಿಂದಿನಿಂದ ಕಪ್ಪು ಕಾರು ಬೇಗ ಬರುತ್ತಿದೆ, ಬಲಗಡೆ ಕೂಡುದಾರಿ, ನಾನು ಓಡಿಸುತ್ತಿದ್ದೇನೆ.’ ಪಕ್ಕದಲ್ಲಿ ಯಾರಾದರೂ ಇದ್ದರೆ ಮೊದಲ ದಿನ ಸಂಕೋಚವಾಗಬಹುದು. ಬ್ರಿಟನ್ನಿನ ಪೊಲೀಸ್ ಚಾಲಕರ ತರಬೇತಿಯಲ್ಲಿ ಹೀಗೆ ಹೇಳುತ್ತಾ ಓಡಿಸುವುದು ಹಳೆಯ ಪದ್ಧತಿ. ಹೆಸರಿಟ್ಟು ಹೇಳಿದ ವಸ್ತು ಕಣ್ಣಿನಲ್ಲೇ ನಿಲ್ಲದೆ ತಲೆಗೆ ಹೋಗುತ್ತದೆ. ಕನ್ನಡದಲ್ಲೇ ಹೇಳಿ, ಅವಸರದಲ್ಲಿ ಮೊದಲು ಬರುವ ಭಾಷೆ ಅದೇ.

ಹಿಡಿತ ಬಂದ ಮೇಲಿನ ಅರ್ಧ ನಿಮಿಷ ದೊಡ್ಡ ಕೆಲಸ ಏನನ್ನೂ ಮಾಡಬೇಡಿ. ಲೇನ್ ಬದಲಿಸಬೇಡಿ, ಯಾರನ್ನೂ ಹಿಂದಿಕ್ಕಬೇಡಿ, ಮುಂದಿನ ವಾಹನದಿಂದ ಅಂತರವನ್ನು ಸ್ವಲ್ಪ ಹೆಚ್ಚಿಸಿಕೊಳ್ಳಿ. ಇದಕ್ಕೆ ಒಂದು ವಿನಾಯಿತಿ ನಿಮ್ಮ ಊರಿನಲ್ಲೇ ಇದೆ. ದಟ್ಟಣೆಯಲ್ಲಿ ಆಂಬುಲೆನ್ಸಿಗೆ ದಾರಿ ಬಿಡುವ ರೆಟ್ಟುಂಗ್ಸ್‌ಗಾಸೆಗಾಗಿ ಕಾರು ನಿಮ್ಮನ್ನು ಕರೆದರೆ ಆಗ ಸರಿಯಲೇಬೇಕು. ಎಡತುದಿಯ ಲೇನಿನವರು ಎಡಕ್ಕೆ, ಉಳಿದವರೆಲ್ಲ ಬಲಕ್ಕೆ ಎಂದು ನಿಮಗೆ ಗೊತ್ತೇ ಇದೆ. ಆದರೆ ತಾನು ಯಾವ ಲೇನಿನಲ್ಲಿದ್ದೇನೆ ಎಂಬುದೇ ಮರೆತುಹೋಗಿರಬಹುದು. ಆದ್ದರಿಂದ ಕಾರಿಗೆ ಬಿಟ್ಟುಕೊಡುವಾಗಲೇ ಲೇನಿನ ಸಂಖ್ಯೆಯನ್ನು ಒಮ್ಮೆ ಹೇಳಿಕೊಳ್ಳಿ.

ಓದುವುದನ್ನು ಬಿಡಿ ಎಂದು ನಾನು ಹೇಳುವುದಿಲ್ಲ, ಆ ಬಿಡುವಿಗಾಗಿಯೇ ಆ ವ್ಯವಸ್ಥೆಗೆ ಹಣ ಕೊಟ್ಟಿದ್ದೀರಿ. ಕಾರಿನ ಪರದೆಯ ಮೇಲೆ ಓದಿ. ಕರೆ ಬಂದ ಕೂಡಲೇ ಅದು ತಾನಾಗಿ ಆರಿಹೋಗುತ್ತದೆ, ನಿಯಮವೇ ಹಾಗಿದೆ. ಕೈಯಲ್ಲಿನ ಮೊಬೈಲ್ ಆರುವುದಿಲ್ಲ, ಅದನ್ನು ಎಲ್ಲಿಡಬೇಕು ಎಂದು ಹುಡುಕುವುದರಲ್ಲೇ ಎರಡು ಸೆಕೆಂಡು ಹೋಗುತ್ತದೆ. 129 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2019ರ ವಿಶ್ಲೇಷಣೆಯೂ ಕೈಯಲ್ಲಿ ಸಾಧನ ಹಿಡಿದವರು ತಡಮಾಡುತ್ತಾರೆ ಎಂದೇ ಹೇಳಿದೆ. ಓದುವಾಗ ಒಂದು ಸುದ್ದಿ ಮುಗಿದಾಗಲೆಲ್ಲ ತಲೆ ಎತ್ತಿ ಒಮ್ಮೆ ಸುತ್ತ ನೋಡಿ, ಯಾವ ನಿರ್ಗಮನ ಹತ್ತಿರ ಬಂತು ಎಂದು ಫಲಕ ಓದಿ. ಪಾತ್ರೆ ಪೂರ್ತಿ ಆರದಂತೆ ಕೈ ತಾಗಿಸುತ್ತಿರುವುದು ಎಂದರೆ ಇದೇ. ಜರ್ಮನಿಯ ಕಾನೂನು 2017ರ ತಿದ್ದುಪಡಿಯಲ್ಲಿ ಬಳಸಿರುವ ‘ವಾರ್‌ನೇಮುಂಗ್ಸ್‌ಬೆರೈಟ್’ ಎಂಬ ಪದ ನನಗೆ ಬಹಳ ಹಿಡಿಸುತ್ತದೆ. ಚಾಲಕ ರಸ್ತೆಯಿಂದ ಗಮನ ತಿರುಗಿಸಬಹುದು, ಆದರೆ ಗ್ರಹಿಸಲು ಸಿದ್ಧನಾಗಿರಬೇಕು. ನಿದ್ದೆಗೆ ಅದರಲ್ಲಿ ಜಾಗವಿಲ್ಲ. ನಿದ್ದೆಯಿಂದ ಎದ್ದವರ ಮಂಪರು ಹತ್ತು ಸೆಕೆಂಡಿನಲ್ಲಿ ಹರಿಯುವಂಥದ್ದಲ್ಲ, ಹಲವು ನಿಮಿಷ ಬೇಕು. ಗೂಗಲ್ ತನ್ನ ನೌಕರರಿಗೆ ಇಂಥ ಕಾರುಗಳನ್ನು ಕೊಟ್ಟು 2013ರಲ್ಲಿ ಪರೀಕ್ಷಿಸಿದಾಗ ಜನ ನಿದ್ದೆ ಹೋದದ್ದು, ಮುಖಕ್ಕೆ ಬಣ್ಣ ಹಚ್ಚಿಕೊಂಡದ್ದು ಕ್ಯಾಮೆರಾದಲ್ಲಿ ಕಂಡು, ಮನುಷ್ಯನಿಗೆ ವಾಪಸು ಕೊಡುವ ಆಲೋಚನೆಯನ್ನೇ ಕೈಬಿಟ್ಟಿತು. ನಂತರ ವೇಮೊ ಎಂಬ ಹೆಸರಿನಲ್ಲಿ ಅದು ಹಿಡಿದದ್ದು ಚಾಲಕನೇ ಬೇಡದ ಕಾರಿನ ದಾರಿ.

ಅಭ್ಯಾಸದಿಂದ ತಿದ್ದಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಖಂಡಿತ. ನಾನು ಹೇಳಿದ 2019ರ ವಿಶ್ಲೇಷಣೆಯಲ್ಲಿ, ಮೊದಲೇ ಒಂದೆರಡು ಸಲ ಹಿಡಿತ ತೆಗೆದುಕೊಂಡು ನೋಡಿದವರು ಮುಂದಿನ ಸಲ ಬೇಗ ಸ್ಪಂದಿಸಿದ್ದರು. ಆದ್ದರಿಂದ ಕಾರು ಕೇಳುವವರೆಗೆ ಕಾಯದೆ, ವಾರಕ್ಕೆ ಎರಡು ಮೂರು ಸಲ ನೀವಾಗಿಯೇ, ಶಾಂತವಾದ ರಸ್ತೆಯಲ್ಲಿ, ಮೇಲೆ ಹೇಳಿದ ಕ್ರಮದಲ್ಲೇ ನೋಡಿ, ಹೇಳಿ, ಹಿಡಿಯಿರಿ. ಹಾಗೆಯೇ ವಾರದಲ್ಲಿ ಒಂದು ದಿನ ಕಚೇರಿಗೆ ಹೋಗುವ ಇಡೀ ದಾರಿಯನ್ನು ನೀವೇ ಓಡಿಸಿ. ಹದಿನೆಂಟು ವರ್ಷದ ಕೈ ಬಳಕೆಯಿಲ್ಲದೆ ಮೊಂಡಾಗಬಾರದು.

ದೊಡ್ಡಪ್ಪನವರ ವಿಷಯಕ್ಕೆ ಬರುತ್ತೇನೆ. ಬೇಡ ಎನ್ನಬೇಡಿ. ಮ್ಯೂನಿಕ್‌ನ ಅದೇ ವಿಶ್ವವಿದ್ಯಾಲಯದವರು 2016ರಲ್ಲಿ ಕಿರಿಯ ಮತ್ತು ಅರವತ್ತು ದಾಟಿದ ಚಾಲಕರನ್ನು ಸಮಾನ ಸಂಖ್ಯೆಯಲ್ಲಿ ತೆಗೆದುಕೊಂಡು, ಒಟ್ಟು 72 ಮಂದಿಯನ್ನು ಹೋಲಿಸಿದರು. ಹಿರಿಯರು ಕಿರಿಯರಷ್ಟೇ ಚೆನ್ನಾಗಿ ನಿಭಾಯಿಸಿದರು. ರೀತಿ ಮಾತ್ರ ಬೇರೆ. ಅವರು ಹೆಚ್ಚು ಸಲ, ಹೆಚ್ಚು ಬಲವಾಗಿ ಬ್ರೇಕ್ ಒತ್ತಿ ಅಂತರ ಉಳಿಸಿಕೊಂಡರು. ನಿಧಾನಿಸಿಕೊಂಡು ಅರಿವಿಗೆ ಸಮಯ ಕೊಡುವುದು ಅವರಿಗೆ ಬಹುಶಃ ಅನುಭವದಿಂದಲೇ ಬಂದಿರುತ್ತದೆ. ಹಿಂದಿನವರು ಹತ್ತಿರವಿದ್ದಾಗ ಗಟ್ಟಿ ಬ್ರೇಕ್ ಅಪಾಯ ಎಂಬುದೊಂದನ್ನು ನೆನಪಿಸಿ, ನಡುವಿನ ಕನ್ನಡಿಯನ್ನು ಮೊದಲು ನೋಡುವ ರೂಢಿ ಮಾಡಿಸಿ. ಮೊದಲ ಕೆಲವು ವಾರ ಅವರು ಪರದೆಯ ಮೇಲೆ ಏನನ್ನೂ ಓದದೆ, ಕಾರು ಓಡುವುದನ್ನು ಸುಮ್ಮನೆ ನೋಡುತ್ತಾ ಕುಳಿತಿರಲಿ, ಅದು ಯಾವಾಗ ಕರೆಯುತ್ತದೆ ಎಂಬುದರ ಗುರುತು ಅವರಿಗೇ ಸಿಗುತ್ತದೆ. ನೀವು ಪಕ್ಕದ ಸೀಟಿನಲ್ಲಿ ಕುಳಿತು, ಅವರು ಹಿಡಿದ ಮೇಲೆ ‘ದೊಡ್ಡಪ್ಪ, ಹಿಂದೆ ಯಾರಿದ್ದಾರೆ?’ ಎಂದು ಕೇಳಿ. ಅವರ ಕಣ್ಣು ಕನ್ನಡಿಗೆ ಹೋಗುವ ಮೊದಲೇ ಉತ್ತರ ಬಂದರೆ, ಆ ಮೇಲಿಂದ ಅವರು ಒಬ್ಬರೇ ಕಾರು ತೆಗೆದುಕೊಂಡು ಹೋಗಬಹುದು.